ಇಂಟರ್ನೆಟ್ಟಿಗಿಂತ ಮೊದಲು ಪೆಟ್ಟಿಗೆ ಬಂತು

ಪತ್ರ: ‘ಜಾಗತೀಕರಣದ ಬಗೆಗಿನ ನಿಮ್ಮ ಲೇಖನದಲ್ಲಿ ಹಡಗು, ಸುಂಕ, ಒಪ್ಪಂದ ಎಂದೆಲ್ಲ ಇತ್ತು. ಇದೆಲ್ಲ ಹಳೆಯ ಮಾತಲ್ಲವೇ? ನಿಜವಾದ ಕಾರಣ ಇಂಟರ್ನೆಟ್ ಒಂದೇ ಎಂದು ನನಗೆ ಅನಿಸುತ್ತದೆ.’

ಸಂಪಾದಕರ ಉತ್ತರ: ನಿಮ್ಮ ಮಾತನ್ನು ಒಪ್ಪಲು ಆಗುತ್ತಿಲ್ಲ. ತೂಕದ ಲೆಕ್ಕ ಹಿಡಿದರೆ, ದೇಶದೇಶಗಳ ನಡುವೆ ಓಡಾಡುವ ಸರಕಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಇವತ್ತಿಗೂ ಸಮುದ್ರದ ಮೇಲೆಯೇ ಸಾಗುತ್ತದೆ. ಹಾಗಾಗಿ ಮಾತು ಶುರುವಾಗಬೇಕಾದದ್ದು ಬಂದರಿನಿಂದ.

1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಕಂಟೇನರ್, ಅಂದರೆ ಸರಕು ತುಂಬಿದ ದೊಡ್ಡ ಲೋಹದ ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್ನಿಗೆ ಹೊರಟಿತು. ಅದನ್ನು ಹೊರಡಿಸಿದವರು ಲಾರಿ ಸಾಗಣೆಯ ಉದ್ಯಮಿ ಮಾಲ್ಕಮ್ ಮೆಕ್ಲೀನ್. ಅಲ್ಲಿಯವರೆಗೆ ಮೂಟೆ, ಪೀಪಾಯಿಗಳನ್ನು ಹಮಾಲರು ಬಿಡಿಬಿಡಿಯಾಗಿ ಹೇರಬೇಕಿತ್ತು. ದಿನಗಟ್ಟಲೆ ಹಡಗು ಕಟ್ಟೆಯಲ್ಲೇ ನಿಲ್ಲುತ್ತಿತ್ತು, ಮಾಲು ಕಳುವಾಗುತ್ತಿತ್ತು. ಬಿಡಿ ಸರಕು ಹೇರಲು ಟನ್ನಿಗೆ 5.86 ಡಾಲರ್ ತಗಲುತ್ತಿದ್ದ ಆ ಕಾಲದಲ್ಲಿ, ಕಂಟೇನರಿನ ಖರ್ಚು ಟನ್ನಿಗೆ 16 ಸೆಂಟಿನಷ್ಟೇ ಬಂತು.

ಆದರೂ ಪೆಟ್ಟಿಗೆ ಒಡನೆಯೇ ಜಗತ್ತನ್ನು ಗೆಲ್ಲಲಿಲ್ಲ. ಕಂಪನಿಗೊಂದು ಅಳತೆ ಇದ್ದದ್ದರಿಂದ ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಕ್ರೇನಿಗೆ ಹೊಂದುತ್ತಿರಲಿಲ್ಲ. 8 ಅಡಿ ಅಗಲ, 20 ಅಥವಾ 40 ಅಡಿ ಉದ್ದ ಎಂಬ ಒಪ್ಪಿಗೆ ಆದಮೇಲೆ ಕೆಲಸ ಕುದುರಿತು. ಪೆಟ್ಟಿಗೆಯ ಎಂಟು ಮೂಲೆಗಳಲ್ಲೂ ತೂತಿರುವ ಉಕ್ಕಿನ ತುಂಡುಗಳಿರುತ್ತವೆ. ಅದರೊಳಗೆ ಟ್ವಿಸ್ಟ್‌ಲಾಕ್ ತೂರಿಸಿ ಕಾಲು ಸುತ್ತು ತಿರುಗಿಸಿದರೆ ಬೀಗ ಬಿತ್ತು. ಮೇಲಿನ ಪೆಟ್ಟಿಗೆಗಳ ಭಾರ ಮೂಲೆಗಂಬಗಳಲ್ಲೇ ಇಳಿಯುತ್ತದೆ, ಒಳಗಿನ ಮಾಲಿನ ಮೇಲೆ ಬೀಳುವುದಿಲ್ಲ. ಕೆಡುವುದು ತೂಕವನ್ನು ಸುಳ್ಳು ಬರೆದಾಗ: ಹಗುರವೆಂದು ಮೇಲಿಟ್ಟ ಪೆಟ್ಟಿಗೆ ಭಾರವಾಗಿದ್ದರೆ ಸಾಲಿಗೆ ಸಾಲೇ ಉರುಳಬಹುದು. ಅದಕ್ಕೇ 2016ರ ಜುಲೈ 1ರಿಂದ, ತೂಕ ದೃಢಪಡಿಸದ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ.

ಸಾಗಣೆ ಅಗ್ಗವಾದರೂ ಗಡಿಯಲ್ಲಿ ಸುಂಕ ಭಾರಿಯಾಗಿದ್ದರೆ ಏನೂ ಪ್ರಯೋಜನವಿಲ್ಲ. 1947ರಲ್ಲಿ 23 ದೇಶಗಳು ಸಹಿ ಹಾಕಿದ, ಸುಂಕ ಮತ್ತು ವ್ಯಾಪಾರ ಕುರಿತ ಗ್ಯಾಟ್ ಒಪ್ಪಂದ ಸುತ್ತುಸುತ್ತಾಗಿ ಸುಂಕ ಇಳಿಸುತ್ತ ಬಂತು. 1995ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆ ಹುಟ್ಟಿತು. ಇದಕ್ಕಿಂತ ಕಡಿಮೆ ಸದ್ದು ಮಾಡಿದ್ದು ಸರಕುಗಳನ್ನು ಗುರುತಿಸುವ ಅಂಕಿಗಳ ಪದ್ಧತಿಯಾಗಿ 1988ರಲ್ಲಿ ಜಾರಿಗೆ ಬಂದ ಎಚ್‌ಎಸ್ ಕೋಡ್. ಸರಕು ಯಾವುದೇ ಇರಲಿ, ಅದರ ಮೊದಲ ಆರು ಅಂಕಿ ಈ ಪದ್ಧತಿ ಬಳಸುವ ದೇಶಗಳಲ್ಲೆಲ್ಲ ಒಂದೇ. ಒಂದು ಅಂಕಿ ತಪ್ಪಿದರೂ ಸುಂಕದ ದರ ಬದಲಾಗಬಹುದು, ಪೆಟ್ಟಿಗೆ ಕಟ್ಟೆಯಲ್ಲೇ ಕೂತು ಡೆಮರೇಜ್ (ತಡವಾದದ್ದಕ್ಕೆ ತೆರಬೇಕಾದ ಶುಲ್ಕ) ಏರಬಹುದು.

ಹಣದ ವಿಚಾರಕ್ಕೆ ಬಂದರೆ, ಪರಸ್ಪರ ಮುಖ ನೋಡದವರ ನಡುವೆ ವ್ಯಾಪಾರ ಕುದುರಿಸುವುದು ಲೆಟರ್ ಆಫ್ ಕ್ರೆಡಿಟ್: ಷರತ್ತಿನಂತೆ ಕಾಗದಪತ್ರ ಒಪ್ಪಿಸಿದರೆ ಮಾರಿದವರಿಗೆ ಹಣ ಕೊಡುತ್ತೇನೆಂದು ಕೊಳ್ಳುವವರ ಬ್ಯಾಂಕು ಬರೆದುಕೊಡುವ ಭರವಸೆ. ಬ್ಯಾಂಕು ಮಾಲು ನೋಡುವುದಿಲ್ಲ, ಕಾಗದ ನೋಡುತ್ತದೆ. ಷರತ್ತಿನಲ್ಲಿದ್ದ ತಾರೀಖು ದಾಟಿ ಸರಕು ಹಡಗೇರಿದ್ದರೆ, ಮಾಲು ಎಷ್ಟೇ ಚೆನ್ನಾಗಿರಲಿ, ಹಣ ತಡೆಹಿಡಿಯಬಹುದು.

ಇನ್ನು ನಿಮ್ಮ ಇಂಟರ್ನೆಟ್. ಅದರ ಪಾಲು ಸಣ್ಣದಲ್ಲ. 1956ರ ಅಟ್ಲಾಂಟಿಕ್ ಫೋನ್ ಕೇಬಲ್ಲಿನಲ್ಲಿ ಒಮ್ಮೆಗೆ 36 ಕರೆಗೆ ಜಾಗವಿತ್ತು. 1988ರ ಆಪ್ಟಿಕಲ್ ಫೈಬರ್ ಕೇಬಲ್ಲಿನಲ್ಲಿ ಸುಮಾರು 40,000 ಕರೆಗೆ. ಒಂದೇ ವಸ್ತುವಿನ ಬಿಡಿಭಾಗಗಳನ್ನು ನಾಲ್ಕಾರು ದೇಶಗಳಲ್ಲಿ ಮಾಡಿಸಿ ಇನ್ನೊಂದೆಡೆ ಜೋಡಿಸುವ ಪದ್ಧತಿಗೆ ಈ ಸಂಪರ್ಕವೇ ಬಲ ಕೊಟ್ಟಿತು. ಸಾಫ್ಟ್‌ವೇರ್, ಲೆಕ್ಕಪತ್ರದಂಥ ಸೇವೆಗಳ ಮಟ್ಟಿಗೆ ನಿಮ್ಮ ವಾದ ಸರಿ. ಸರಕಿನ ಮಟ್ಟಿಗೆ ಅಲ್ಲ: 2021ರ ಮಾರ್ಚಿನಲ್ಲಿ 400 ಮೀಟರ್ ಉದ್ದದ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡಾಗ, ಅದರ ಎರಡೂ ಕಡೆ ನೂರಾರು ಹಡಗುಗಳು ಆರು ದಿನ ಕಾದು ನಿಂತವು.