ಬಸುರಿದ್ದಾಗ ಮೊಡವೆ, ಬಂಗು ಬಂದರೆ ಏನು ಹಚ್ಚಬಹುದು?

ನಿಮಗೆ ಐದು ತಿಂಗಳು. ಗದ್ದದ ಮೇಲೆ ಮೊಡವೆ ಎದ್ದಿವೆ, ಕೆನ್ನೆಗೆ ಬಂಗು ಬರುತ್ತಿದೆ. ಕುಬಸದ ಹೊತ್ತಿಗೆ ಮುಖ ತಿಳಿಯಾಗಬೇಕು, ನಾದಿನಿ ಹಚ್ಚುವ ಟ್ಯೂಬ್ ಹಚ್ಚಲಾ ಅಥವಾ ಲಿಂಬೆರಸ ಸಾಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಡಾಕ್ಟರ್ ಅಲ್ಲ. ವಿಜಯಪುರದಲ್ಲಿ ಔಷಧ ಅಂಗಡಿಯಲ್ಲಿರುವ ಫಾರ್ಮಸಿಸ್ಟ್, ಎರಡು ಮಕ್ಕಳ ತಾಯಿ. ಇದೇ ಪ್ರಶ್ನೆ ಹಿಡಿದು ಕೌಂಟರಿಗೆ ಬರುವವರು ತುಂಬಾ ಜನ.

ಮೊದಲು ಆ ಟ್ಯೂಬನ್ನು ತಿರುಗಿಸಿ ನೋಡಿ. ದೊಡ್ಡದಾಗಿ ಬರೆದಿರುವ ಹೆಸರು ಬೇಡ, ಸಣ್ಣ ಅಕ್ಷರದಲ್ಲಿ ಒಳಗಿನ ಔಷಧದ ಹೆಸರಿರುತ್ತದೆ, ಅದನ್ನು ಓದಿ. ಬಂಗಿಗೆ ಅಂತ ಒಬ್ಬರಿಂದ ಒಬ್ಬರಿಗೆ ಹೋಗುವ ಟ್ಯೂಬುಗಳಲ್ಲಿ ಹೆಚ್ಚಾಗಿ ಮೂರು ಇರುತ್ತವೆ: ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಮೊಮೆಟಾಸೋನ್. ಹೈಡ್ರೋಕ್ವಿನೋನ್ ಹಚ್ಚಿದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮೈಯೊಳಗೆ ಇಳಿಯುತ್ತದೆ, ಹಾಗಾಗಿ ಈಗ ಬೇಡ. ಟ್ರೆಟಿನೋಯಿನ್ ರೆಟಿನಾಯ್ಡ್ (ವಿಟಮಿನ್ ಎ ಸಂಬಂಧದ ಔಷಧ) ಜಾತಿಯದು, ಬಸುರಿಯರು ಮುಟ್ಟಬಾರದು. ಮೊಡವೆಗೆ ಕೊಡುವ ಅಡಾಪಲೀನ್ ಕೂಡ ಅದೇ ಜಾತಿ. ಮೊಮೆಟಾಸೋನ್ ಸ್ಟೀರಾಯ್ಡ್. ಮೊದಲ ವಾರ ಮುಖ ಫಳಫಳ ಅನ್ನುತ್ತದೆ, ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಇನ್ನೂ ಹೆಚ್ಚಾಗುತ್ತವೆ. ಅದಕ್ಕೇ ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು 2018ರಲ್ಲಿ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದರು. ಮನೆಯಲ್ಲಿ ಮೊಡವೆಯ ಹಳೆಯ ಗುಳಿಗೆ ಉಳಿದಿದ್ದರೆ ಅದನ್ನೂ ನೋಡಿ. ಐಸೊಟ್ರೆಟಿನೋಯಿನ್‌ನಿಂದ ಮಗುವಿಗೆ ಹುಟ್ಟಿನಿಂದಲೇ ಅಂಗದೋಷ ಬರಬಹುದು. ಡಾಕ್ಸಿಸೈಕ್ಲಿನ್ ಮಗುವಿನ ಹಲ್ಲಿಗೆ, ಎಲುಬಿಗೆ ತೊಂದರೆ ಮಾಡಬಲ್ಲದು. ಈಗಾಗಲೇ ಒಂದೆರಡು ಸಲ ಕ್ರೀಮ್ ಹಚ್ಚಿದ್ದರೆ ಗಾಬರಿ ಆಗಬೇಡಿ. ನಿಲ್ಲಿಸಿ, ಟ್ಯೂಬ್ ತೆಗೆದುಕೊಂಡು ಹೋಗಿ ನಿಮ್ಮ ಡಾಕ್ಟರಿಗೆ ತೋರಿಸಿ.

ಇನ್ನು ಲಿಂಬೆ. ಲಿಂಬೆಗೆ ಹೆಸರಾದ ಇಂಡಿ ಇರುವ ಜಿಲ್ಲೆಯವಳಾಗಿಯೇ ಹೇಳುತ್ತಿದ್ದೇನೆ, ಅದು ಹೊಟ್ಟೆಗೆ ಒಳ್ಳೆಯದು, ಮುಖಕ್ಕಲ್ಲ. ಲಿಂಬೆಯಲ್ಲಿ ಫ್ಯೂರೋಕೌಮರಿನ್ ಅನ್ನುವ ಅಂಶವಿದೆ. ಅದು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ. ತಕ್ಷಣ ಗೊತ್ತಾಗೋದಿಲ್ಲ. ಒಂದೆರಡು ದಿನ ಬಿಟ್ಟು ಉರಿ, ಕೆಲವರಿಗೆ ಗುಳ್ಳೆ, ಆಮೇಲೆ ಕಪ್ಪು ಕಲೆ. ಒಬ್ಬ ಹುಡುಗಿ ಸೆರಗು ಸರಿಸಿ ತೋರಿಸಿದಳು. ಕೆನ್ನೆಯಿಂದ ಕುತ್ತಿಗೆವರೆಗೆ ಕಂದು ಗೆರೆಗಳು, ರಸ ಯಾವ ದಾರಿಯಲ್ಲಿ ಇಳಿದಿತ್ತೋ ಅದೇ ದಾರಿಯಲ್ಲಿ. ಲಿಂಬೆರಸ ಹಚ್ಚಿಕೊಂಡು ಮಾಳಿಗೆ ಮೇಲೆ ಹಪ್ಪಳ ಹಾಕಿದ್ದಳಂತೆ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಂಥ ಬಿಸಿಲಿಗೆ ಈ ಪ್ರಯೋಗ ಖಂಡಿತ ಬೇಡ.

ಹಾಗಾದರೆ ಏನು ಹಚ್ಚೋದು? ಅಝೆಲಾಯಿಕ್ ಆಸಿಡ್ ಅನ್ನುವ ಔಷಧ ಇರುವ ಕ್ರೀಮ್. ಬಸುರಿಯರಿಗೆ ಆಗಿಬರುತ್ತದೆ, ಮೊಡವೆಗೂ ಬಂಗಿಗೂ ಎರಡಕ್ಕೂ ಕೆಲಸ ಮಾಡುತ್ತದೆ. ಮೊದಮೊದಲು ಸ್ವಲ್ಪ ಚುರುಗುಟ್ಟುತ್ತದೆ, ಫಲ ಕಾಣಲು ವಾರಗಳೇ ಬೇಕು. ಕೀವಿನ ಮೊಡವೆ ಇದ್ದರೆ ಡಾಕ್ಟರು ಕ್ಲಿಂಡಾಮೈಸಿನ್ ಜೆಲ್ ಅಥವಾ ಕಡಿಮೆ ಪ್ರಮಾಣದ ಬೆಂಝಾಯಿಲ್ ಪೆರಾಕ್ಸೈಡ್ ಬರೆದುಕೊಡಬಹುದು. ಈ ಎರಡನೆಯದು ಬಟ್ಟೆಯ ಬಣ್ಣ ತೆಗೆಯುತ್ತದೆ, ಇಳಕಲ್ ಸೀರೆ ಉಟ್ಟಾಗ ಸೆರಗು ತಾಗದಂತೆ ನೋಡಿಕೊಳ್ಳಿ. ಮುಖವನ್ನು ದಿನಕ್ಕೆರಡು ಸಲ ಮೃದುವಾದ ಫೇಸ್‌ವಾಶ್‌ನಲ್ಲಿ ತೊಳೆದರೆ ಸಾಕು. ಕಡಲೆಹಿಟ್ಟು ಹಾಕಿ ತಿಕ್ಕಬೇಡಿ, ಮೊಡವೆ ಚಿವುಟಬೇಡಿ.

ಬಂಗಿಗೆ ದೊಡ್ಡ ಔಷಧ ಅಂದರೆ ಬಿಸಿಲು ತಪ್ಪಿಸೋದು. ಜಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇಲ್ಲದ ಸನ್‌ಸ್ಕ್ರೀನ್ ತಗೊಳ್ಳಿ. ಬಣ್ಣ ಬೆರೆಸಿದ, ಐರನ್ ಆಕ್ಸೈಡ್ ಇರುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಕಣ್ಣಿಗೆ ಕಾಣುವ ಬೆಳಕಿನಿಂದಲೂ ಬಂಗು ಹೆಚ್ಚಾಗುತ್ತದೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ತಲೆ ಮೇಲೆ ಸೆರಗೋ ಕೊಡೆಯೋ ಇರಲಿ. ಬಹಳ ಜನರಿಗೆ ಹೆರಿಗೆಯಾಗಿ ಕೆಲವು ತಿಂಗಳಲ್ಲಿ ಬಂಗು ತಿಳಿಯಾಗುತ್ತದೆ. ಕುಬಸದ ಫೋಟೋಗೆ ಮುಖ ಬೆಳ್ಳಗಿರಲಿ ಅಂತ ಯಾರಾದರೂ ಅವಸರ ಮಾಡಿದರೆ ಈ ಮಾತು ಅವರಿಗೂ ಹೇಳಿ. ಹೊಟ್ಟೆ ಮೇಲಿನ ಕಪ್ಪು ಗೆರೆಗೆ ಏನೂ ಹಚ್ಚಬೇಕಿಲ್ಲ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮುಂದೆ ಏಳನೆಯ, ಎಂಟನೆಯ ತಿಂಗಳಲ್ಲಿ ಅಂಗೈ, ಅಂಗಾಲು ವಿಪರೀತ ತುರಿಸಿದರೆ, ಅದರಲ್ಲೂ ರಾತ್ರಿ, ಮೈಮೇಲೆ ಗುಳ್ಳೆ ಏನೂ ಇಲ್ಲದೆ, ಅದು ಚರ್ಮದ ತೊಂದರೆ ಅಲ್ಲದೆ ಪಿತ್ತರಸ-ಯಕೃತ್ತಿನ (ಲಿವರ್) ಕಡೆಯದು ಇರಬಹುದು. ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ಆಗಬಲ್ಲದು. ಕೊಬ್ಬರಿ ಎಣ್ಣೆ ಹಚ್ಚಿ ಕಾಯಬೇಡಿ. ಮರುದಿನವೇ ಹೆರಿಗೆ ಡಾಕ್ಟರ ಹತ್ತಿರ ಹೋಗಿ, ಬೈಲ್ ಆಸಿಡ್ ಮತ್ತು ಲಿವರ್ ಟೆಸ್ಟ್ ಮಾಡಿಸಬೇಕಾ ಅಂತ ನೀವೇ ಕೇಳಿ.