ಕಿವಿಯಲ್ಲಿ ಯುದ್ಧ, ತಲೆಯಲ್ಲಿ ಗೊಂದಲ

ಪ್ರಶ್ನೆ: ಬಾಹ್ಯಾಕಾಶ ಯುದ್ಧದ ಕಥೆಯೊಂದರ ಆಡಿಯೋಬುಕ್ ಕೇಳುತ್ತಿದ್ದೇನೆ. ಹದಿಹರೆಯದ ಕೆಡೆಟ್‌ಗಳೇ ನಾಯಕರು. ಒಟ್ಟು 12 ಗಂಟೆ. ಬೇಗ ಮುಗಿಯಲಿ ಅಂತ ಒಂದೂವರೆ ಪಟ್ಟು ವೇಗಕ್ಕೆ ಇಟ್ಟಿದ್ದೇನೆ. ಮೂರನೇ ಅಧ್ಯಾಯಕ್ಕೇ ಯಾರು ಕ್ಯಾಪ್ಟನ್, ಯಾರು ಮೇಜರ್, ಯಾವ ನೌಕೆ ಯಾರದು, ಒಂದೂ ತಿಳಿಯುತ್ತಿಲ್ಲ. ಪುಸ್ತಕವನ್ನೇ ಓದಬೇಕಿತ್ತಾ?

ಉತ್ತರ: ಬೇಡ, ವೇಗ ಇಳಿಸಿ ಸಾಕು. ನಾಲ್ಕು ಗಂಟೆ ಉಳಿಸಲು ಹೋಗಿ ಕಥೆಯನ್ನೇ ಕಳೆದುಕೊಂಡಿದ್ದೀರಿ! ಓದುವಾಗ ಒಂದು ಹೆಸರು ಮರೆತರೆ ಕಣ್ಣು ತಾನಾಗಿ ನಾಲ್ಕು ಸಾಲು ಹಿಂದೆ ಹೋಗಿ ನೋಡಿಕೊಂಡು ಬರುತ್ತದೆ, ಅದು ನಮಗೆ ಗೊತ್ತೂ ಆಗುವುದಿಲ್ಲ. ಕಿವಿಗೆ ಹಾಗೆ ಹಿಂದೆ ಹೋಗಲು ಬರುವುದಿಲ್ಲ, ಬೆರಳೇ ಹೋಗಬೇಕು. ಮೊದಲ ಒಂದು ಗಂಟೆಯನ್ನು ಮಾಮೂಲಿ ವೇಗದಲ್ಲಿ ಮತ್ತೆ ಕೇಳಿ. ಓದುವವರ ದನಿ ಪಳಗಿದ ಮೇಲೆ ಬೇಕಾದರೆ ಸ್ವಲ್ಪ ಏರಿಸಿ. ಯುದ್ಧ ಶುರುವಾದಾಗ ಮಾತ್ರ ಮತ್ತೆ ಇಳಿಸಿ.

ಹುದ್ದೆಗಳ ಗೊಂದಲದಲ್ಲಿ ನಿಮ್ಮ ತಪ್ಪು ಜಾಸ್ತಿ ಇಲ್ಲ. ಇಂಥ ಕಥೆಗಳಲ್ಲಿ ನೌಕೆ ನಡೆಸುವವರಿಗೆ ಸಾಮಾನ್ಯವಾಗಿ ನೌಕಾಪಡೆಯ ಹುದ್ದೆ, ಇಳಿದು ಹೊಡೆದಾಡುವವರಿಗೆ ಭೂಸೇನೆಯ ಹುದ್ದೆ. ಭೂಸೇನೆಯ ಕ್ಯಾಪ್ಟನ್ ಮೇಜರ್‌ಗಿಂತ ಕೆಳಗಿನವರು, ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮ. ಇದು ಸಾಲದು ಅಂತ, ನೌಕೆಯನ್ನು ನಡೆಸುವವರ ನಿಜವಾದ ಹುದ್ದೆ ಯಾವುದೇ ಇರಲಿ, ಅದರಲ್ಲಿರುವವರೆಲ್ಲ ಅವರನ್ನು ಕ್ಯಾಪ್ಟನ್ ಅಂತಲೇ ಕರೆಯುತ್ತಾರೆ. ಹಾಗಾಗಿ ಹುದ್ದೆ ಬಾಯಿಪಾಠ ಮಾಡಬೇಡಿ, ಯಾರು ಯಾರಿಗೆ ಆಜ್ಞೆ ಕೊಡುತ್ತಿದ್ದಾರೆ ಅಂತ ಮಾತ್ರ ಗಮನಿಸಿ.

ಇನ್ನು ಓದೋದಾ ಕೇಳೋದಾ ಅನ್ನುವ ಮಾತು. 1985ರ ಬಾಹ್ಯಾಕಾಶ ಯುದ್ಧದ ಕಾದಂಬರಿ ‘ಎಂಡರ್ಸ್ ಗೇಮ್’ ಬರೆದ ಆರ್ಸನ್ ಸ್ಕಾಟ್ ಕಾರ್ಡ್ ಅವರಿಗೇ ತಮ್ಮ ಕಥೆಗಳನ್ನು ಒಳ್ಳೆಯ ನಟರು ಬರೀ ದನಿಯಲ್ಲಿ ಆಡಿ ತೋರಿಸುವುದು ಹೆಚ್ಚು ಇಷ್ಟ. ನನಗೂ ಅದು ಸರಿ ಅನಿಸುತ್ತದೆ. ಹೆಲ್ಮೆಟ್ ಹಾಕಿ ಕತ್ತಲಲ್ಲಿ ಕೂತ ಕೆಡೆಟ್‌ಗೂ ಕಿವಿಗೆ ಬೀಳುವ ದನಿಯೊಂದೇ ಗತಿ, ಅಲ್ವಾ?

ಪ್ರಶ್ನೆ: ಬಾಹ್ಯಾಕಾಶದಲ್ಲಿ ಸದ್ದೇ ಇಲ್ಲ ಅಂತಾರೆ. ನಾನು ಕೇಳುತ್ತಿರುವ ಕಥೆಯಲ್ಲಿ ಪಕ್ಕದ ನೌಕೆ ಸ್ಫೋಟಿಸಿದ್ದು ಢಮಾರ್ ಅಂತ ಕೇಳಿಸಿತು. ಇದು ಸರಿಯಾ?

ಉತ್ತರ: ಸರಿಯಲ್ಲ. ಸದ್ದು ಸಾಗಲು ಗಾಳಿಯೋ ಲೋಹವೋ ಏನಾದರೂ ಬೇಕು. ಚೂರುಗಳು ಬಂದು ನಿಮ್ಮ ನಾಯಕಿಯ ನೌಕೆಗೇ ಬಡಿದಿದ್ದರೆ ಒಳಗಿದ್ದವರಿಗೆ ಕೇಳಿಸುತ್ತಿತ್ತು, ಅಷ್ಟೇ. ಆದರೂ ಇದನ್ನು ನಾನು ಸುಮ್ನೆ ಬಿಟ್ಟುಬಿಡುತ್ತೇನೆ. ನನಗೆ ಕಿರಿಕಿರಿ ಆಗೋದು ರೇಡಿಯೋ ವಿಷಯದಲ್ಲಿ. ಭೂಮಿಯಿಂದ ಚಂದ್ರನಿಗೆ ಮಾತು ಮುಟ್ಟಲು ಸುಮಾರು 1.3 ಸೆಕೆಂಡ್ ಬೇಕು. ಮಂಗಳಕ್ಕಾದರೆ, ಅದು ಎಷ್ಟು ದೂರದಲ್ಲಿದೆ ಅನ್ನುವುದರ ಮೇಲೆ, ಸುಮಾರು 3ರಿಂದ 22 ನಿಮಿಷ, ಅದೂ ಹೋಗುವುದಕ್ಕೆ ಮಾತ್ರ. ನಿಮ್ಮ ಕಥೆಯಲ್ಲಿ ಮಂಗಳದಿಂದ ಕೇಳಿದ ತಕ್ಷಣ ಭೂಮಿಯಿಂದ ಉತ್ತರ ಬಂತಾ? ಬಂದಿದ್ದರೆ, ಢಮಾರ್ ಬಿಟ್ಟು ಅದರ ಮೇಲೆ ಜಗಳ ತೆಗೆಯಿರಿ.