‘ನೆಕ್ಲೇಸ್’ ಕಥೆಯಲ್ಲಿ ಆ ಸರ ಏನನ್ನು ಸಂಕೇತಿಸುತ್ತದೆ?

ಫ್ರೆಂಚ್ ಕಥೆಗಾರ ಮೊಪಾಸಾನ ‘ನೆಕ್ಲೇಸ್’ ಮೇಲೆ ಸೆಮಿನಾರ್ ಕೊಡಬೇಕು, ಪಾತ್ರ ವಿಶ್ಲೇಷಣೆ ಮೊದಲು ಮಾಡಲಾ, ಸಂಕೇತಗಳ ಪಟ್ಟಿ ಮೊದಲು ಮಾಡಲಾ, ಗೈಡ್ ಓದಿದರೆ ಸಾಕಾ ಅಂತ ಕೇಳಿದ್ದೀರಿ. ಕಥೆ ಇಷ್ಟು: ಗುಮಾಸ್ತನ ಹೆಂಡತಿ ಮಟಿಲ್ಡಾ ಒಂದು ಔತಣಕ್ಕೆ ಶ್ರೀಮಂತ ಗೆಳತಿಯ ವಜ್ರದ ಸರ ಎರವಲು ತಂದು ಕಳೆದುಕೊಳ್ಳುತ್ತಾಳೆ; ಗಂಡ ಹೆಂಡತಿ ಸಾಲ ಮಾಡಿ ಅಂಥದೇ ಸರ ಕೊಂಡು ಕೊಟ್ಟು 10 ವರ್ಷ ದುಡಿದು ತೀರಿಸುತ್ತಾರೆ; ಕಳೆದದ್ದು ನಕಲಿ ಸರ ಅಂತ ಕೊನೆಯಲ್ಲಿ ಗೆಳತಿ ಹೇಳುತ್ತಾಳೆ. ನನಗೆ ಕೈಗೆ ಬಂದ ಕೆಲಸ ತಪ್ಪಿದ್ದು ಇದೇ ಕಥೆಯಿಂದ, ಇಂಥದೇ ಪಟ್ಟಿಯಿಂದ.

ಇಂಗ್ಲಿಷ್ ಎಂ.ಎ. ಮುಗಿಸಿ ಒಂದು ಕಾಲೇಜಿಗೆ ಉಪನ್ಯಾಸಕಿ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದೆ. ಇಷ್ಟವಾದ ಕಥೆ ಆರಿಸಿಕೊಂಡು ಸ್ವಲ್ಪ ಹೊತ್ತು ಪಾಠ ಮಾಡಿ ಅಂದರು. ಬೋರ್ಡಿನ ನಡುವೆ ಗೆರೆ ಎಳೆದೆ. ಎಡಗಡೆ ವಸ್ತು, ಬಲಗಡೆ ಅರ್ಥ. ಸರ ಅಂದರೆ ಡಂಭ, ಹೊಸ ಬಟ್ಟೆ ಅಂದರೆ ಆಸೆ, ಸಾಲ ಅಂದರೆ ಶಿಕ್ಷೆ. ಎಲ್ಲ ಒಪ್ಪವಾಗಿತ್ತು. ಆಗ ಸಮಿತಿಯಲ್ಲಿದ್ದ ಹಿರಿಯ ಮೇಡಂ ಒಬ್ಬರು ಕೇಳಿದರು: “ಸರ ಕಳೆದುಹೋದ ಮೇಲೆ ಖಾಲಿ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಹೋಗ್ತಾರಲ್ಲ, ಅಲ್ಲಿ ಅಂಗಡಿಯವನು ಏನು ಹೇಳ್ತಾನಮ್ಮ?” ನನಗೆ ಆ ಡಬ್ಬಿಯ ನೆನಪೇ ಇರಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು.

ಇದು ಮರೆವಿನ ತಪ್ಪಾಗಿರಲಿಲ್ಲ. ಕಥೆಯನ್ನು ನಾನು ಪೂರ್ತಿ ಓದಿದ್ದು ಡಿಗ್ರಿಯಲ್ಲಿ ಒಂದೇ ಸಲ. ಆಮೇಲೆ ಓದಿದ್ದೆಲ್ಲ ಗೈಡು, ಗೈಡಿನಿಂದ ಬರೆದುಕೊಂಡ ನೋಟ್ಸು, ಆ ನೋಟ್ಸಿನಿಂದ ಮಾಡಿದ ಪಟ್ಟಿ. ಪ್ರತಿ ಸಲ ಪಟ್ಟಿ ಚೊಕ್ಕ ಆಯಿತು, ಕಥೆ ಸಣ್ಣದಾಯಿತು. ವಸ್ತುವಿಗೆ ಒಂದು ಅರ್ಥ ಬರೆದ ಕೂಡಲೇ ಅದರ ಕೆಲಸ ಮುಗಿಯಿತು ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ಮುಂದೆ ಅದು ಯಾರ ಕೈಗೆ ಹೋಯಿತು, ಯಾರು ದುಡ್ಡು ಕೊಟ್ಟರು, ಯಾರು ಸುಳ್ಳು ಹೇಳಿದರು ಅಂತ ನೋಡೋದೇ ಇಲ್ಲ. ‘ಡಂಭ’ ಅಂತ ಬರೆದುಕೊಂಡಿದ್ದೆ, ಹಾಗಾಗಿ ಡಂಭಕ್ಕೆ ಹೊಂದುವ ಸಾಲುಗಳಷ್ಟೇ ತಲೆಯಲ್ಲಿ ಉಳಿದಿದ್ದವು. ಹೊಂದದ ಸಾಲುಗಳು ಉದುರಿಹೋಗಿದ್ದವು. ಆ ಕಥೆಯ ಜೀವ ಇರೋದು ಆ ಹೊಂದದ ಸಾಲುಗಳಲ್ಲೇ.

ಅಂಗಡಿಯವನು ಹೇಳೋದು ಇಷ್ಟೇ: ಈ ಸರ ನಾನು ಮಾರಿದ್ದಲ್ಲ, ಡಬ್ಬಿ ಮಾತ್ರ ನಾನು ಕೊಟ್ಟಿರಬೇಕು. ಡಬ್ಬಿಯ ಒಳಗೆ ಅವನ ಹೆಸರಿದೆ, ಆದರೆ ಸರ ಅವನದಲ್ಲ. ಅಂದರೆ ಸರ ನಕಲಿ ಅನ್ನೋ ಸುಳಿವು ಕಥೆಯ ನಡುವೆಯೇ ಇದೆ. ಗಂಡ ಹೆಂಡತಿ ಇಬ್ಬರೂ ಅದನ್ನು ಕೇಳಿಸಿಕೊಂಡು, ನಿಂತು ಯೋಚನೆ ಮಾಡದೆ ಮುಂದಿನ ಅಂಗಡಿಗೆ ಓಡುತ್ತಾರೆ. ಓದುವವರೂ ಅವರ ಜೊತೆಗೇ ಓಡುತ್ತಾರೆ. ಕೊನೆಯ ಸಾಲಿನ ತಿರುವು ಅಷ್ಟು ಗಟ್ಟಿಯಾಗಿ ನಿಲ್ಲೋದು ಈ ಸಣ್ಣ ಸಾಲಿನ ಬಲದಿಂದ.

ಇನ್ನು ಪಾತ್ರ. ಮಟಿಲ್ಡಾ ಡಂಭದ ಹೆಣ್ಣು, ಗಂಡ ಪಾಪದವನು ಅಂತ ಗೈಡ್ ಹೇಳುತ್ತೆ, ಅಲ್ವಾ? ಸರ ಕಳೆದದ್ದನ್ನು ಮುಚ್ಚಿಡೋಣ ಅಂದದ್ದು ಯಾರು ಅಂತ ಹೋಗಿ ನೋಡಿ. ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೇವೆ ಅಂತ ಗೆಳತಿಗೆ ಪತ್ರ ಬರೆ ಅನ್ನೋದು ಗಂಡ. ಅವನು ಹೇಳಿದಂತೆ ಅವಳು ಬರೆಯುತ್ತಾಳೆ. ಆ ಪತ್ರದಲ್ಲಿ ನಿಜ ಬರೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನೊಬ್ಬ ಶಿಕ್ಷಣ ಇಲಾಖೆಯ ಸಣ್ಣ ಗುಮಾಸ್ತ. ಮೊಪಾಸಾ ಕೂಡ ಮೊದಲು ನೌಕಾ ಇಲಾಖೆಯಲ್ಲಿ, ಆಮೇಲೆ ಅದೇ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವನು. 1884ರಲ್ಲಿ ಈ ಕಥೆ ಬರೆಯುವಾಗ ಗುಮಾಸ್ತನ ಮನೆಯ ಭಯ ಎಂಥದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮರ್ಯಾದೆ ಹೋಗುತ್ತೆ ಅನ್ನೋ ಆ ಭಯ ಇಬ್ಬರಲ್ಲೂ ಇದೆ. ಹೆಂಡತಿಯೊಬ್ಬಳ ತಲೆಗೆ ಕಟ್ಟೋದು ಅನ್ಯಾಯ.

ಕಥೆಯಲ್ಲಿ ಬರುವ ಮೊತ್ತಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಗಂಡ ಕೋವಿ ಕೊಳ್ಳೋಕೆ ಅಂತ ಇಟ್ಟಿದ್ದ 400 ಫ್ರಾಂಕ್ ಅವಳ ಬಟ್ಟೆಗೆ ಹೋಗುತ್ತೆ. ಒಡವೆ ಇಲ್ಲದಿದ್ದರೆ 10 ಫ್ರಾಂಕಿಗೆ ಚಂದದ ಗುಲಾಬಿ ಬರುತ್ತೆ, ಮುಡಿದುಕೋ ಅಂತಾನೆ. ಅವಳು ಒಪ್ಪಲ್ಲ. ಬದಲಿ ಸರಕ್ಕೆ 40,000 ಕೇಳಿ 36,000ಕ್ಕೆ ಬಿಡುತ್ತಾರೆ. ಅದರಲ್ಲಿ 18,000 ಅವನ ಅಪ್ಪ ಬಿಟ್ಟುಹೋದ ಗಂಟು, ಉಳಿದದ್ದೆಲ್ಲ ಸಾಲ. ಕೊನೆಗೆ ಕಳೆದ ಸರದ ಬೆಲೆ ಹೆಚ್ಚೆಂದರೆ 500. ಅವಳು ತೊಟ್ಟ ಬಟ್ಟೆಗಿಂತ ಬರೀ 100 ಫ್ರಾಂಕ್ ಜಾಸ್ತಿ! ಶ್ರೀಮಂತ ಗೆಳತಿ ತೊಡುತ್ತಿದ್ದದ್ದು ಸುಮಾರು ಇವಳ ಕೈಗೆ ಎಟುಕುವಂಥದ್ದೇ. ಸರ ಏನನ್ನು ಸಂಕೇತಿಸುತ್ತದೆ ಅನ್ನೋದಕ್ಕೆ ಈ ಲೆಕ್ಕ ಕೊಡುವ ಉತ್ತರ ಯಾವ ಗೈಡಿನ ಉತ್ತರಕ್ಕಿಂತ ಮೇಲು.

ಆಮೇಲೆ ಆ 10 ವರ್ಷ. ಕೆಲಸದವಳನ್ನು ಬಿಡಿಸಿ, ಪಾತ್ರೆ ತಿಕ್ಕಿ, ಮಹಡಿಗೆ ನೀರು ಹೊತ್ತು, ಕಾಸುಕಾಸಿಗೂ ಚೌಕಾಸಿ ಮಾಡಿ ಸಾಲ ತೀರಿಸುತ್ತಾಳೆ. ಹಿಂಜರಿಯೋದಿಲ್ಲ. ಬರೀ ಡಂಭದ ಹೆಂಗಸು ಇಷ್ಟು ಮಾಡುತ್ತಾಳಾ? ಗುರುತೇ ಸಿಗದಷ್ಟು ಬದಲಾದ ಅವಳು ಕೊನೆಗೆ ಗೆಳತಿಯನ್ನು ತಾನೇ ಮಾತಾಡಿಸುತ್ತಾಳೆ. ನಡೆದದ್ದನ್ನು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆಯ, ಮುಗ್ಧವಾದ ನಗು ಇರುತ್ತೆ. ಎರವಲು ತಂದದ್ದರ ಹೆಮ್ಮೆಯಲ್ಲ ಅದು, ಸ್ವಂತ ದುಡಿಮೆಯ ಹೆಮ್ಮೆ. ಮೊಪಾಸಾ ಅದನ್ನೂ ಮರುಗಳಿಗೆಯಲ್ಲೇ ಕಿತ್ತುಕೊಳ್ಳುತ್ತಾನೆ. ನನಗೆ ಈಗಲೂ ಆ ಜಾಗ ಓದೋಕೆ ಕಷ್ಟ.

ಹಾಗಾಗಿ ಪಾತ್ರ ಮೊದಲಾ, ಸಂಕೇತ ಮೊದಲಾ ಅನ್ನೋ ಪ್ರಶ್ನೆಯನ್ನೇ ಬಿಟ್ಟುಬಿಡಿ. ಎರಡೂ ಬೇರೆ ಅಲ್ಲವೇ ಅಲ್ಲ. ವಸ್ತುವಿನ ಹಿಂದೆ ಹೋಗಿ, ಮನುಷ್ಯರು ಸಿಗುತ್ತಾರೆ. ನಮ್ಮ ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಓದಿದ್ದೀರಲ್ಲ? ಮಗ-ಸೊಸೆ ಇಬ್ಬರನ್ನೂ ಬಿಟ್ಟು ಬೇರೆಯಾದ ಮೇಲೆ ಮೊಸರು ಮಾರುವ ಮಂಗಮ್ಮ ಮಖಮಲ್ಲಿನ ಜಾಕೀಟು ಹೊಲಿಸಿಕೊಳ್ಳುತ್ತಾಳೆ. ಮೊಸರು ಅಂದರೆ ತಾಯ್ತನ ಅಂತ ಬರೆದು ಮುಗಿಸೋದು ಸುಲಭ. ಆ ಜಾಕೀಟು ಯಾವಾಗ ಬಂತು, ಯಾರ ಕಣ್ಣಿಗೆ ಬಿತ್ತು, ಅದನ್ನು ನೋಡಿ ಯಾರು ಏನಂದರು ಅಂತ ಹಿಡಿದು ಹೋದರೆ ಒಂಟಿಯಾದ ವಯಸ್ಸಾದ ಹೆಂಗಸಿನ ಮನಸ್ಸು ಪೂರ್ತಿ ತೆರೆದುಕೊಳ್ಳುತ್ತೆ.

ಸೆಮಿನಾರಿಗೆ ಇಡೀ ಕಥೆ ಹೊತ್ತುಕೊಂಡು ಹೋಗಬೇಡಿ. ಆ ಪತ್ರದ ಭಾಗ ಒಂದನ್ನೇ ಗಟ್ಟಿಯಾಗಿ ಓದಿ, ಇವರು ನಿಜ ಯಾಕೆ ಬರೆಯಲಿಲ್ಲ ಅಂತ ಕ್ಲಾಸಿಗೆ ಕೇಳಿ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಜಗಳವೇ ಆಗಬಹುದು, ಆಗಲಿ. ಗೈಡ್ ಓದಲೇಬೇಕು ಅನ್ನಿಸಿದರೆ ಸೆಮಿನಾರ್ ಮುಗಿದ ಮೇಲೆ ಓದಿ, ಅದರಲ್ಲಿ ಏನೇನು ಬಿಟ್ಟುಹೋಗಿದೆ ಅಂತ ಆಗ ನಿಮಗೇ ಕಾಣುತ್ತೆ.